ಕರಿಯ ದಿನದ ತತ್ತಿ ಸಾರು

ನಾನು ಹದಿನೆಂಟು ವರ್ಷ ಮೊಟ್ಟೆ ತಿಂದದ್ದು ಉರ್ದುವಿನಲ್ಲಿ. ಕನ್ನಡದಲ್ಲಿ ಒಮ್ಮೆಯೂ ತಿಂದಿರಲಿಲ್ಲ. ನಮ್ಮ ಜಹೀರಾಬಾದಿನ ಕಡೆ ಒಬ್ಬೊಬ್ಬರ ಬಾಯಲ್ಲೂ ಮೂರು ಭಾಷೆ. ಮೊಟ್ಟೆಗೆ ಕನ್ನಡದಲ್ಲಿ ತತ್ತಿ, ಪೇಟೆಯ ತೆಲುಗಿನಲ್ಲಿ ಗುಡ್ಡು, ಆಮ್ಲೆಟ್ ಗಾಡಿಯ ಮುಂದೆ ಉರ್ದುವಿನ ಅಂಡಾ. ಅವ್ವ ಮೂರು ಹೊತ್ತು ಲಿಂಗಪೂಜೆ ಮಾಡುತ್ತಿದ್ದ ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದ ಕೂಡ ಹೊಸ್ತಿಲು ದಾಟಿದ್ದಿಲ್ಲ. ಆದರೆ ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ‘ದೋ ಅಂಡೇ ಕಾ ಆಮ್ಲೆಟ್’ ಅಂದಾಗ, ಅದು ಬೇರೆ ಏನೋ ಪದಾರ್ಥ ಅನ್ನಿಸುತ್ತಿತ್ತು. ಅಷ್ಟಕ್ಕೂ ಮನಸ್ಸು ಚುಚ್ಚಿದರೆ ಸಂಸ್ಕೃತ ಇದ್ದೇ ಇತ್ತು. ಬ್ರಹ್ಮಾಂಡದಲ್ಲೇ ಅಂಡ ಇದೆಯಲ್ಲ! ಲೋಕವೇ ಒಂದು ಮೊಟ್ಟೆಯಾದ ಮೇಲೆ ಅದರೊಳಗೆ ಕುಳಿತವನು ಎರಡು ತಿಂದರೆ ಏನಾದೀತು? ತಪ್ಪು ಮಾಡುವವನಿಗೆ ಓದು ಎಷ್ಟೊಂದು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ನಾನು ನಾರಾಯಣಖೇಡದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ದಿನಾ ಜಹೀರಾಬಾದಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮಧ್ಯಾಹ್ನ ಮನೆಯ ಡಬ್ಬಿಯ ರೊಟ್ಟಿ ಪಲ್ಯ ಮುಗಿಸಿ, ಕಾಲಾಡಿಸಿ ಬರುತ್ತೇನೆಂದು ಹೊರಟರೆ ಕಾಲು ತಾನಾಗಿ ಗಾಡಿಯ ಕಡೆಗೆ ತಿರುಗುತ್ತಿತ್ತು. ಹಣೆಯ ವಿಭೂತಿಯನ್ನು ಕರವಸ್ತ್ರದಿಂದ ಒರೆಸಿಕೊಳ್ಳುವಷ್ಟು ಭಕ್ತಿ ನನ್ನಲ್ಲಿತ್ತು.

ಇದರಲ್ಲಿ ನಗುವಂಥದ್ದು ಇಷ್ಟೇ. ಮುಂದಿನದು ನನ್ನ ಹೆಂಡತಿ ಸುವರ್ಣಳ ಕತೆ.

ಸುವರ್ಣ ತಾಂಡೂರಿನ ಹತ್ತಿರ ಯಾಲಾಲ್ ಕಡೆಯವಳು. ತಾಂಡೂರಿನ ಕಾಲೇಜಿನಲ್ಲಿ ನಾವಿಬ್ಬರೂ ಕೂಡಿ ಓದಿದೆವು, ಜಾತಿ ಬೇರೆಯಾದರೂ ಇಪ್ಪತ್ತೊಂದು ವರ್ಷದ ಹಿಂದೆ ಹಟ ಮಾಡಿ ಮದುವೆಯಾದೆವು. ಅವರ ಮನೆಯಲ್ಲಿ ತಿನ್ನುವುದು ಉಣ್ಣುವುದು ಎಲ್ಲ ಉಂಟು. ಯುಗಾದಿಗೆ ಹೋಳಿಗೆ, ಮರುದಿನ ಕರಿ. ಕರಿಯೆಂದರೆ ನಮ್ಮ ಕಡೆ ಹಬ್ಬದ ಮಾರನೆಯ ದಿನ, ಸಿಹಿ ಉಂಡ ಬಾಯಿಗೆ ಖಾರ ಬೀಳುವ ದಿನ. ಅವತ್ತು ಊರೆಲ್ಲ ಮಾಂಸ ಬೇಯುತ್ತಿದ್ದರೂ ಅವಳಿಗೆ ಮಾತ್ರ ತನ್ನ ಅವ್ವ ಮಾಡುವ ತತ್ತಿ ಸಾರೇ ಬೇಕಿತ್ತಂತೆ. ಹುಣಸೆ ಹುಳಿ, ಹುರಿದ ಎಳ್ಳು, ಒಣಕೊಬ್ಬರಿ ಹಾಕಿ ಮಾಡಿದ ಸಾರಿಗೆ ಬಿಸಿ ಜೋಳದ ರೊಟ್ಟಿ ಮುರಿದುಕೊಂಡು ತಿನ್ನುವುದು. ಮದುವೆಗೆ ಮೊದಲು ಆ ಸಾರಿನ ಸುದ್ದಿ ಹೇಳುವಾಗ ಅವಳ ಕಣ್ಣು ಅರಳುತ್ತಿದ್ದುದನ್ನು ನಾನು ನೋಡಿದ್ದೇನೆ.

ಮದುವೆಯಾದ ವಾರದಲ್ಲೇ ನಾನು, “ನಮ್ಮವ್ವಗ ಬ್ಯಾಸರ ಆಗ್ತದ, ತತ್ತಿ ಬಿಟ್ಟುಬಿಡು,” ಅಂದೆ. “ಆಯ್ತು ಬಿಡ್ರಿ, ಅದೇನ್ ದೊಡ್ಡ ಮಾತು,” ಅಂದಳು. ಬಿಟ್ಟಳು. ಮನೆಯಲ್ಲಷ್ಟೇ ಅಲ್ಲ, ತವರಿನಲ್ಲೂ ಬಿಟ್ಟಳು. ಕರಿಗೆ ಹೋದಾಗ ನಮ್ಮ ಅತ್ತೆ ನನಗಾಗಿ ಬೇರೆ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಿದ್ದರು. ಅಡುಗೆಮನೆಯಿಂದ ಬರುವ ಹುಳಿಖಾರದ ವಾಸನೆಗೆ ಬಾಯಲ್ಲಿ ನೀರೂರುತ್ತಿದ್ದರೂ ನಾನು ಪಡಸಾಲೆಯಲ್ಲಿ ಮಠದ ಸ್ವಾಮಿಯಂತೆ ಕೂತು ಆ ಬೇಳೆ ಉಣ್ಣುತ್ತಿದ್ದೆ. ಸುವರ್ಣ ನನ್ನ ಪಕ್ಕದಲ್ಲೇ ಕೂತು ಅದನ್ನೇ ಉಣ್ಣುತ್ತಿದ್ದಳು.

ಐದು ವರ್ಷದ ಹಿಂದೆ ನಮ್ಮ ಅವ್ವ ತೀರಿಕೊಂಡಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹಳೆಯ ಸುಳ್ಳಿಗೂ ಹಳೆಯ ಚಪ್ಪಲಿಗೂ ಒಂದೇ ಗುಣ, ಕಾಲಿಗೆ ಒಗ್ಗಿಬಿಟ್ಟಿರುತ್ತದೆ. ಹೋದ ವರ್ಷ ಅತ್ತೆಯೂ ಹೋದರು.

ಮೊನ್ನೆ ಚಳಿಗಾಲದಲ್ಲಿ ಸುವರ್ಣ ತೊಗರಿಬೇಳೆ ತರಲು ನಾರಾಯಣಖೇಡಕ್ಕೆ ಬಂದಿದ್ದಳು. ನನಗೆ ಹೇಳಿರಲಿಲ್ಲ. ಕಚೇರಿಗೆ ಹೋಗಿ, ನಾನು ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದೇನೆಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೇ ಬಂದಳು. ಬ್ರೆಡ್ಡಿನ ನಡುವೆ ಆಮ್ಲೆಟ್ ಮಡಿಸಿ ಬಾಯಿಗಿಡುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಬೇಳೆಯ ಚೀಲ ಹಿಡಿದು ನಿಂತಿದ್ದಾಳೆ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಗಾಡಿಯವನಿಗೆ ನಮ್ಮ ಸಂಬಂಧ ತಿಳಿಯಿತು, ಸಂಗತಿ ತಿಳಿಯಲಿಲ್ಲ. “ಬರ್ರಿ ಅಕ್ಕಾರ! ಸಾರ್‌ಗ ದಿನಾ ಎರಡು ಅಂಡಾ, ಮಿರ್ಚಿ ಜಾಸ್ತಿ. ನಿಮಗೂ ಹಂಗೇ ಹಾಕ್ಲೇನ್ರಿ?” ಅಂದ.

“ಬ್ಯಾಡಪ್ಪ,” ಅಂದಳು ಸುವರ್ಣ. “ನಮ್ಮ ಮನ್ಯಾಗ ತಿನ್ನಂಗಿಲ್ಲ.”

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೊರಟೆವು. ಅರ್ಧ ದಾರಿಗೆ ಬಂದಾಗ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು, “ಎಷ್ಟ್ ವರ್ಷ ಆತ್ರಿ?”

“ಹದಿನೆಂಟು.”

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ಹೇಳಿದಳು: “ಪ್ರತಿ ಕರಿಗಿ ನಮ್ಮವ್ವ ಎರಡು ತತ್ತಿ ತೆಗೆದಿಟ್ಟು, ಅಳಿಯ ಹೊರಗ ಕುಂತಾನ, ನೀ ಒಳಗ ಬಂದು ತಿನ್ನು ಅಂತಿದ್ದಳು. ನಾ ಒಲ್ಲೆ ಅಂತಿದ್ದೆ. ಅವರು ತಿನ್ನಂಗಿಲ್ಲ, ಕದ್ದು ತಿಂದ್ರ ನನಗ ಹೊಟ್ಟ್ಯಾಗ ಇಳೀತದೇನವ್ವ ಅಂತಿದ್ದೆ. ಸಾಯೋಕ್ಕಿಂತ ಮೊದಲಿನ ಕರಿಗೂ ತೆಗೆದಿಟ್ಟಿದ್ದಳ್ರಿ.”

ಬೇಳೆಯ ಚೀಲವನ್ನು ಅವಳ ಕಾಲ ಬಳಿಯಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ.

ತಪ್ಪು ಮಾಡಿದ ಗಂಡಸು ಮೊದಲು ಅಂಗಡಿಗೆ ಹೋಗುತ್ತಾನೆ. ಈ ವರ್ಷ ಕರಿಯ ದಿನ ಬೆಳಿಗ್ಗೆ ನಾನೂ ಆರು ಮೊಟ್ಟೆ ತಂದೆ. ಅತ್ತೆಯ ಸಾರು ನಾನೇ ಮಾಡಿ ಅವಳಿಗೆ ಉಣಿಸುತ್ತೇನೆಂದು ಪಣ ತೊಟ್ಟೆ. ಹದಿನೆಂಟು ವರ್ಷ ತಿಂದವನಿಗೆ ಬೇಯಿಸುವುದು ಬಾರದು ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಕುದಿಯುವ ನೀರಿಗೆ ಎತ್ತರದಿಂದ ಬಿಟ್ಟೆ, ಎರಡು ಒಡೆದು ನೊರೆಯಾದವು. ಉಳಿದವನ್ನು ಬಿಸಿಯಿರುವಾಗಲೇ ಸುಲಿಯಲು ಹೋಗಿ, ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂತು.

ಸುವರ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, “ಹಂಗಲ್ರಿ. ಸರೀರಿ,” ಎಂದು ಒಳಗೆ ಬಂದಳು. ಇನ್ನಾರು ಮೊಟ್ಟೆ ತರಿಸಿದಳು. ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ತಣ್ಣೀರಿನಲ್ಲೇ ಮೊಟ್ಟೆಯಿಟ್ಟು ಚಿಟಿಕೆ ಉಪ್ಪು ಹಾಕಿ ಒಲೆ ಹಚ್ಚಬೇಕು. ಬೆಂದ ಕೂಡಲೇ ಮತ್ತೆ ತಣ್ಣೀರಿಗೆ ಹಾಕಬೇಕು. ಅಗಲ ಇರುವ ಕಡೆಯಿಂದ ಸುಲಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಎಣ್ಣೆಗೆ ಹಾಕುವ ಮೊದಲು ಮೈಮೇಲೆ ನಾಲ್ಕು ಗೀರು ಹಾಕಬೇಕು, ಇಲ್ಲದಿದ್ದರೆ ಸಿಡಿಯುತ್ತದೆ, ಹುಳಿಖಾರವೂ ಒಳಗೆ ಇಳಿಯುವುದಿಲ್ಲ. ಈರುಳ್ಳಿ ಚೆನ್ನಾಗಿ ಬಾಡಿದ ಮೇಲೆಯೇ ಹುಣಸೆ ರಸ. ಎಳ್ಳು ಕೊಬ್ಬರಿಯ ಪುಡಿ ಕೊನೆಗೆ, ಸಣ್ಣ ಉರಿಯಲ್ಲಿ. ಇಪ್ಪತ್ತು ವರ್ಷಕ್ಕೂ ಮೇಲಾಗಿ ಮುಟ್ಟದ ಅಡುಗೆ ಅವಳ ಕೈಯಲ್ಲಿ ಒಂದು ಹೆಜ್ಜೆಯೂ ತಪ್ಪಲಿಲ್ಲ.

ತಾಟಿನಲ್ಲಿ ರೊಟ್ಟಿ, ಸಾರು ಬಡಿಸಿ ಅವಳ ಮುಂದಿಟ್ಟೆ. ತುತ್ತು ಮಾಡಿ ಬಾಯಿಯ ತನಕ ಒಯ್ದಳು. ಹಾಗೇ ಹಿಡಿದಳು. ಮೆಲ್ಲಗೆ ತಾಟಿಗೆ ಇಳಿಸಿದಳು.

“ಆಗಂಗಿಲ್ರಿ. ವಾಸನಿಗೇ ಹೊಟ್ಟಿ ತೊಳಸ್ತದ.”

“ಒಂದೇ ತುತ್ತು,” ಅಂದೆ. ನನ್ನ ದನಿ ನನಗೇ ಭಿಕ್ಷೆ ಬೇಡಿದಂತೆ ಕೇಳಿತು.

“ಸಿಟ್ಟಿಲ್ರಿ ನನಗ. ಸಿಟ್ಟಿದ್ರ ಹಟಕ್ಕಾದ್ರೂ ತಿಂತಿದ್ದೆ. ರುಚಿನೇ ಹೋಗ್ಯದ,” ಅಂದಳು. ಕೈ ತೊಳೆದುಕೊಂಡು ಬಂದು ತಾಟನ್ನು ನನ್ನ ಕಡೆ ಸರಿಸಿದಳು.

ನಾನು ತಿಂದೆ. ಮನೆಯ ಒಲೆಯ ಮೇಲೆ ಬೆಂದದ್ದನ್ನು, ನನ್ನ ಹೆಂಡತಿಯ ಎದುರಿಗೆ, ಕನ್ನಡದಲ್ಲಿ. ಅವಳು ಗಲ್ಲಕ್ಕೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

“ನಮ್ಮವ್ವ ಮಾಡ್ದಂಗ ಆಗ್ಯದೇನ್ರಿ?”

ಹೌದು ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ಅತ್ತೆ ಮಾಡುತ್ತಿದ್ದ ಸಾರನ್ನು ನಾನು ಒಮ್ಮೆಯೂ ತಿಂದವನಲ್ಲ. “ನನಗ ಗೊತ್ತಿಲ್ಲ ಸುವರ್ಣಾ,” ಅಂದೆ.

ಅವಳು ಇನ್ನೊಂದು ಸೌಟು ಸಾರು ನನ್ನ ತಾಟಿಗೆ ಬಡಿಸಿ ಅಂದಳು:

“ಆಗ್ಯದ ಅಂತ ತಿಳ್ಕೊಂಡು ತಿನ್ರಿ.”