ಹಾಳೆಯ ಖಾಲಿ ಮಗ್ಗುಲು

ರೋಣದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ‘ಬ್ರಾಡ್‌ಸೈಡ್’ ಎಂಬ ಶಬ್ದಕ್ಕೆ ಮೂರು ಅರ್ಥ ಹೇಳುತ್ತೇನೆ. ಹಡಗಿನ ಒಂದು ಮಗ್ಗುಲಿನ ತೋಪುಗಳೆಲ್ಲ ಒಮ್ಮೆಲೇ ಹಾರುವುದು. ಒಂದೇ ಬದಿ ಅಚ್ಚು ಹಾಕಿದ ದೊಡ್ಡ ಹಾಳೆ. ಬಾಯಿಗೆ ಬಂದಂತೆ ಝಾಡಿಸುವುದು. ಹಡಗನ್ನು ನಾನು ಕಂಡಿಲ್ಲ. ಉಳಿದೆರಡೂ ನಮ್ಮೂರಲ್ಲೇ, ನಮ್ಮ ಅಕ್ಕನ ಮೇಲೆಯೇ ಹಾರಿದವು.

ಅಕ್ಕ ಹೊಲಿಗೆ ಕೆಲಸದವಳು. ಕುಡಿದು ಬಡಿಯುವ ಗಂಡನನ್ನು ಬಿಟ್ಟು ತವರಿಗೆ ಬಂದು ಬಹಳ ವರ್ಷಗಳಾದವು. ನಮ್ಮ ಓಣಿಗೆ ನಳದ ನೀರು ಸರಿಯಾಗಿ ಬರಲಿ ಎಂದು ಪಂಚಾಯಿತಿ ಚುನಾವಣೆಗೆ ನಿಂತಳು. ಮತದಾನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಮನೆಮನೆಯ ಬಾಗಿಲಡಿ ದೊಡ್ಡದೊಂದು ಹಾಳೆ ಬಿದ್ದಿತ್ತು. ‘ಗಂಡನ ಮನೆ ನಡೆಸಲಾರದವಳು ಊರು ನಡೆಸುವಳೇ?’ ಎಂದು ಶುರುವಾಗಿ, ಇಲ್ಲಿ ಬರೆಯಲು ನಾಚಿಕೆಯಾಗುವ ಮಾತುಗಳಲ್ಲಿ ಮುಗಿದಿತ್ತು. ಅಚ್ಚು ಹಾಕಿಸಿದವನ ಹೆಸರಿಲ್ಲ. ಹೇಡಿಗಳು! ಗಂಡ ಅವಳನ್ನು ಬಡಿಯುತ್ತಿದ್ದಾಗ ಇವರಲ್ಲಿ ಒಬ್ಬನೂ ಒಂದು ಚೀಟಿ ಸಹ ಬರೆದಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಗಜೇಂದ್ರಗಡವೋ ನರಗುಂದವೋ, ಯಾವ ಪ್ರೆಸ್ಸಿನಲ್ಲಿ ಅಚ್ಚಾಯಿತೆಂದು ಹುಡುಕಿ ಪೊಲೀಸರಿಗೆ ಕೊಡೋಣ ಎಂದು ಹಾರಾಡಿದೆ.

“ಸುಮ್ಮನ ಕುಂದ್ರೋ ತಮ್ಮಾ. ಮೊದಲ ಹಾಳಿ ಎಲ್ಲಾ ಕೂಡಸ್ತೀನಿ,” ಎಂದು ಅಕ್ಕ ಚೀಲ ಹಿಡಿದು ಹೊರಟಳು. ನಾನೂ ಹಿಂದೆ ಹೋದೆ.

ಪ್ರತಿ ಮನೆಯ ಮುಂದೆ ನಿಂತು ಕೇಳಿದಳು: “ನನ್ನ ಸುದ್ದಿ ಬರೆದ ಹಾಳಿ ಬಂದೈತಲ್ರಿ, ಓದೂದು ಮುಗಿದಿದ್ರ ಕೊಡ್ರಿ.”

ನಿನ್ನೆಯವರೆಗೆ ‘ನಮ್ಮ ವೋಟು ನಿಮಗ’ ಎಂದವರು ನೆಲ ನೋಡಿದರು. ಹೆಂಗಸರು ಒಳಗಿನಿಂದ ತಂದು ಕೊಟ್ಟರು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು “ನಾ ನೋಡೇ ಇಲ್ಲವಾ,” ಎಂದರು. ಹಾಳೆ ಅವರ ಅಂಗಿಯ ಕಿಸೆಯಿಂದ ಇಣುಕುತ್ತಿತ್ತು.

“ಕಿಸೇದಾಗಿಂದ ಕೊಡ್ರಿ ಯಜಮಾನ್ರ,” ಎಂದಳು ಅಕ್ಕ. ಕೊಟ್ಟರು.

ಅಕ್ಕ ಸೋತಳು. ಬರೆದ ಹೇಡಿಗಿಂತ, ಅದನ್ನು ಓದಿ, ಮಡಚಿ, ಕಿಸೆಯಲ್ಲಿಟ್ಟುಕೊಂಡವರ ಮೇಲೆ ನನಗೆ ಇಂದಿಗೂ ಸಿಟ್ಟು. ಎದುರಿಗೆ ಸಿಕ್ಕರೆ ನಮಸ್ಕಾರಕ್ಕೆ ಕೈ ಏಳುವುದಿಲ್ಲ.

ಹಾಳೆಗಳನ್ನು ಅಕ್ಕ ಸುಡಲಿಲ್ಲ. ಹಿಂಬದಿ ಖಾಲಿ ಇತ್ತಲ್ಲ, ಜಂಪರಿನ ಅಳತೆ ಗುರುತು ಹಾಕಿ ಕತ್ತರಿಸಲು ಇಟ್ಟುಕೊಂಡಳು. ಮೊನ್ನೆ ಅದೇ ಹಿರಿಯರ ಹೆಂಡತಿ ಹೊಲಿಸಲು ಬಂದಿದ್ದರು. ತೋಳಿನ ಆಕಾರಕ್ಕೆ ಕತ್ತರಿಸಿದ ಹಾಳೆಯೊಂದನ್ನು ಎತ್ತಿ ತಿರುಗಿಸಿ ನೋಡಿದರು.

“ಈ ಕಡೆ ಏನ ಬರದೈತವಾ? ನನಗ ಓದಾಕ ಬರೂದಿಲ್ಲ.”

ಅಕ್ಕ ಕತ್ತರಿ ನಿಲ್ಲಿಸಲಿಲ್ಲ.

“ನಿಮ್ಮ ಮನಿಯಾವ್ರನ್ನ ಕೇಳ್ರಿ ಅತ್ತೀ. ಅವರಿಗೆ ಬಾಯಿಪಾಠ ಐತಿ.”