ಅವ್ವನ ಡಬ್ಬಿ, ನನ್ನ ಹಾಲು

ದೋಸ್ತರ, ಇವತ್ತ ನನ್ನ ಮೆಡಿಕಲ್ ಅಂಗಡ್ಯಾಗ ನನ್ನ ಮರ್ಯಾದಿ ತಗದಾಕಿ ಬ್ಯಾರೆ ಯಾರೂ ಅಲ್ಲ, ನಮ್ಮ ಅವ್ವ.

ಗಿರಾಕಿ ಒಬ್ಬ ಬಂದು, ವಯಸ್ಸಾದ ಅಪ್ಪಗ ತಾಕತ್ತಿನ ಪೌಡರ್ ಬೇಕೋ ಬ್ಯಾಡೋ ಅಂತ ಕೇಳಿದ. ಪೌಡರ್ ಡಬ್ಬಿ ಇಳಿಸಿ, ಬಾಜೂಕ ಕುಂತಿದ್ದ ಅವ್ವನ್ನ ತೋರಿಸಿದೆ. "ಎಪ್ಪತ್ತೆರಡು ವರ್ಷ ರೀ. ಒಂದು ವರ್ಷದಿಂದ ಇದನ್ನ ಕುಡ್ಯಾಕತ್ತಾಳ. ಇಲ್ಲಿ ಮಂಗೋರ್ ಹಿಲ್ ಗುಡ್ಡಾ ಒಂದ ಉಸರಿಗೆ ಹತ್ತತಾಳ."

ಅವ್ವ ಮೆಂತ್ಯಾ ಸೊಪ್ಪು ಸೋಸ್ಕೋತ, ತಲಿ ಎತ್ತದನ ಅಂದ್ಲು: "ನಾ ಎಲ್ಲಿ ಕುಡದೇನೋ? ಅದರ ವಾಸನಿ ನನಗ ಸೇರೂದಿಲ್ಲ. ದಿನಾ ನಿನ್ನ ಹಾಲಿಗೇ ಹಾಕಾಕತ್ತೇನಿ."

ಗಿರಾಕಿ ಅವ್ವನ್ನ ನೋಡಿದ. ಮ್ಯಾಲಿನ ಕಪಾಟಿಂದ ಆ ಡಬ್ಬಿ ಇಳಿಸಿದ್ದಕ್ಕ ಇನ್ನೂ ತೇಕಾಕತ್ತಿದ್ದ ನನ್ನನ್ನೂ ನೋಡಿದ. "ಹಂಗಾರ ನೀವೇನ್ ಉಣ್ತೀರಿ, ಯವ್ವಾ?"

"ಜ್ವಾಳದ ರೊಟ್ಟಿ, ಹೆಸರುಕಾಳ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮಸರು. ನಿಮ್ಮಪ್ಪ ಸರಿಯಾಗಿ ಉಣವಲ್ಲಂದ್ರ ಮದ್ಲ ಡಾಕ್ಟರಿಗೆ ತೋರಸು, ತಮ್ಮಾ. ಇವನ್ನ ಕೇಳಬ್ಯಾಡ, ಇವ ಮಾರಾಂವ."

ಗಿರಾಕಿ ಅವ್ವಗ ಕೈ ಮುಗದು, ಎದುರಿನ ಕಿರಾಣಿ ಅಂಗಡ್ಯಾಗ ಶೇಂಗಾ ತಗೊಳ್ಳಾಕ ಹೋದ.

ಈಗ ನನ್ನ ಮುಂದ ಹಾಲಿನ ಗ್ಲಾಸ್ ಐತಿ. ಒಂದು ವರ್ಷದಿಂದ ಇದನ್ನ ಅವ್ವನ ಕೈರುಚಿ ಅಂತ ಹೊಗಳಿ ಹೊಗಳಿ ಕುಡದೇನಿ. ಆ ರುಚಿ ಡಬ್ಬಿ ಪೌಡರಿನ ವೆನಿಲಾ ಅಂತ ಇವತ್ತ ಗೊತ್ತಾತು.