ಪರಸವ್ವ ರೊಟ್ಟಿ ಬಡಿಯದ ಮೂರು ದಿನ

ಪರಸವ್ವನನ್ನು ಹೊರಗೆ ಹಾಕಲು ಹೊರಟವರು ಮೊದಲು ಒಂದು ಸಂಗತಿ ತಿಳಿದುಕೊಳ್ಳಬೇಕಿತ್ತು. ಆಕೆಗೆ ಗೋಗರೆಯಲು ಬರುವುದಿಲ್ಲ. ಬಬಲೇಶ್ವರದ ಕಡೆಯ ಹೆಣ್ಣುಮಗಳು. ಗಂಡ ಶಾಂತಪ್ಪ ತೊರವಿ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆಗಿದ್ದ. ಕಟ್ಟಡಕ್ಕೆ ‘ಗುಮ್ಮಟ ದರ್ಶನ’ ಎಂದು ಹೆಸರು. ಟೆರೇಸ್ ಹತ್ತಿ ಕುತ್ತಿಗೆ ಉಳುಕಿಸಿಕೊಂಡರೂ ಗುಮ್ಮಟ ಕಾಣುವುದಿಲ್ಲ, ಆ ಮಾತು ಬೇರೆ. ಶಾಂತಪ್ಪ ತೀರಿಕೊಂಡ ಮೇಲೆ ಪರಸವ್ವ ಕೆಳಗಿನ ಅದೇ ಕೋಣೆಯಲ್ಲಿ ಉಳಿದಳು. ಮೆಟ್ಟಿಲು ಗುಡಿಸುತ್ತಾಳೆ, ನೀರಿನ ಮೋಟರು ನೋಡಿಕೊಳ್ಳುತ್ತಾಳೆ, ಬೆಳಗ್ಗೆ ಐದಕ್ಕೆ ಎದ್ದು ಇಪ್ಪತ್ತನಾಲ್ಕು ಮನೆಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ಟಪ ಟಪ ಟಪ. ನಾನು, ಮೂರನೇ ಮಹಡಿಯಲ್ಲಿ ಕುಪ್ಪಸ ಹೊಲಿಯುವ ಕಸ್ತೂರಿ, ಹನ್ನೊಂದು ವರ್ಷದಿಂದ ಅಲಾರಂ ಇಟ್ಟವಳಲ್ಲ.

ಹೋದ ಜನವರಿಯಲ್ಲಿ ಮಾರ್ತಾ ಬಂದಳು. ಪೋಲೆಂಡ್ ದೇಶದವಳು. ತೊರವಿಯಿಂದ ಊರಿಗೆ ನೀರು ತರುತ್ತಿದ್ದ ಹಳೇ ಕಾಲದ ನೆಲದೊಳಗಿನ ಕಾಲುವೆಗಳ ಬಗ್ಗೆ ಓದುತ್ತಿದ್ದಾಳಂತೆ. ಕನ್ನಡ ಕಲಿತೇ ಬಂದಿದ್ದಳು, ಪುಸ್ತಕದ ಹಾಗೆ ಮಾತಾಡುತ್ತಿದ್ದಳು. ಪರಸವ್ವನ ಕೋಣೆಯ ನೇರ ಮೇಲಿನ ಮನೆ ಆಕೆಗೆ ಸಿಕ್ಕಿತು.

ಮೊದಲ ದಿನವೇ ನಾವು ಆರು ಜನ ಹೆಂಗಸರು ಒಳಗೆ ನುಗ್ಗಿ ಕೂತು ಪಗಾರ ಎಷ್ಟು, ಮದುವೆ ಯಾಕೆ ಆಗಿಲ್ಲ, ಅವ್ವಗೆ ಎಷ್ಟು ಮಕ್ಕಳು ಎಂದು ಕೇಳಿದೆವು. ತಪ್ಪೇನು? ಕೇಳದೆ ಗೊತ್ತಾಗುವುದು ಹೇಗೆ? ಮರುದಿನದಿಂದ ಆಕೆ ಹಗಲಲ್ಲೂ ಬಾಗಿಲು ಹಾಕಿಕೊಳ್ಳತೊಡಗಿದಳು. ಹಗಲು ಹೊತ್ತು ಬಾಗಿಲು ಹಾಕಿದ್ದಾರೆಂದರೆ ನಮ್ಮಲ್ಲಿ ಜ್ವರ, ಇಲ್ಲವೇ ಜಗಳ. ನಾಲ್ಕನೇ ಮಹಡಿಯ ಮುದುಕಿ ಸಾವಂತ್ರವ್ವ ಇಳಿದು ಬಂದು ತೆರೆಯುವ ತನಕ ಬಾಗಿಲು ಗುದ್ದಿ, "ಆರಾಮ ಅದೀಯೇನವ್ವಾ?" ಎಂದು ಕೇಳಿ ಹೋದಳು. ಐದು ದಿನಕ್ಕೊಮ್ಮೆ ನೀರು ಬಿಟ್ಟಾಗ ಕಟ್ಟಡವೆಲ್ಲ "ನೀರ ಬಂತು!" ಎಂದು ಕೂಗಿತು. ಬೆಂಕಿ ಬಿದ್ದಿದೆ ಎಂದುಕೊಂಡ ಮಾರ್ತಾ ಪಾಸ್‌ಪೋರ್ಟ್ ಹಿಡಿದು ರಸ್ತೆಗೆ ಓಡಿದ್ದಳು. ನಾನೂರು ವರ್ಷದ ಹಿಂದಿನ ನೀರಿನ ದಾರಿ ಹುಡುಕುವವಳಿಗೆ ಇವತ್ತಿನ ನಳದ ಪಾಳಿ ಗೊತ್ತಿರಲಿಲ್ಲ.

ಆ ವಾರವೇ ಮೆಟ್ಟಿಲ ಮೇಲೆ ಎದುರಾದ ಪರಸವ್ವ, "ಊಟ ಆತೇನವ್ವಾ?" ಎಂದಳು. ನಮ್ಮಲ್ಲಿ ಇದಕ್ಕೆ ಉತ್ತರ ಒಂದೇ. ಹೊಟ್ಟೆ ಚುರುಗುಡುತ್ತಿದ್ದರೂ "ಆತ್ರಿ" ಅನ್ನಬೇಕು, ಮುಂದೆ ನಡೆಯಬೇಕು. ಮಾರ್ತಾ ನಿಂತು, ಯೋಚಿಸಿ, "ಇಲ್ಲ, ನಾನು ಊಟ ಮಾಡಿಲ್ಲ" ಎಂದುಬಿಟ್ಟಳು! ಪರಸವ್ವ ಕಸಬರಿಗೆ ಹಿಡಿದು ಹಾಗೇ ನಿಂತಳಂತೆ. ಜನ್ಮದಲ್ಲಿ ಯಾರೂ ಆಕೆಗೆ ಹಾಗೆ ಹೇಳಿರಲಿಲ್ಲ. ಮರುದಿನದಿಂದ ಮಾರ್ತಾಳ ಬಾಗಿಲ ಹಿಡಿಕೆಗೆ ಒಂದು ಬಟ್ಟೆಯ ಗಂಟು ಬೀಳತೊಡಗಿತು. ಎರಡು ರೊಟ್ಟಿ, ಶೇಂಗಾ ಚಟ್ನಿ. ಪುಕ್ಕಟೆ. ಅದು ಬಾಡಿಗೆಯಲ್ಲೇ ಸೇರಿದೆ ಎಂದುಕೊಂಡು ಆ ಪುಣ್ಯಾತ್ಗಿತ್ತಿ ತಿಂಗಳುಗಟ್ಟಲೆ ತಿಂದಳು.

ಒಂದು ಬುಧವಾರ ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಚೀಟಿ ಕಂಡಿತು. "ಬೆಳಗ್ಗೆ ಐದು ಗಂಟೆಗೆ ಬರುವ ಬಡಿತ ಯಾವುದು? ದಯವಿಟ್ಟು ತಡವಾಗಿ ಆರಂಭಿಸಬಹುದೇ? ಮಾರ್ತಾ." ಆಕೆಯ ಊರಲ್ಲಿ ನೆರೆಯವರು ಹಾಗೇ ಚೀಟಿ ಬರೆದು ಕೇಳುತ್ತಾರಂತೆ. ನಾವಾದರೆ ಮೆಟ್ಟಿಲ ಮೇಲೆ ನಿಂತು ಒದರುತ್ತೇವೆ, ಅಲ್ಲಿಗೆ ಮುಗಿಯಿತು.

ಕಮಿಟಿ ಅಧ್ಯಕ್ಷ ಮಲ್ಲಿನಾಥನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಕೆಳಗಿನ ಕೋಣೆಯ ಮೇಲೆ ಅವನಿಗೆ ಎರಡು ವರ್ಷದಿಂದ ಕಣ್ಣಿತ್ತು. ಅಲ್ಲಿ ಆಫೀಸು ಮಾಡಿ, ಗಾಜಿನ ಬಾಗಿಲಿಗೆ ತನ್ನ ಹೆಸರು ಹಾಕಿಸುವ ಆಸೆ. ಚೀಟಿ ಕಿತ್ತುಕೊಂಡು ನೇರ ಪರಸವ್ವನ ಬಾಗಿಲಿಗೆ ಹೋದ.

"ಪರದೇಶದಾಕಿನ ಬರದ ಕೊಟ್ಟಾಳ. ಐತವಾರ ಮೀಟಿಂಗ್ ಐತಿ. ಖೋಲಿ ಖಾಲಿ ಮಾಡಾಕ ತಯಾರಾಗು."

"ಸಪ್ಪಳ ಬ್ಯಾಡೇನ್ರಿ ನಿಮಗ?" ಎಂದಳು ಪರಸವ್ವ. "ಚಲೋ ಆತು. ನಾಡದ ಶುಕ್ರವಾರದಿಂದ ಸಪ್ಪಳ ಇರಂಗಿಲ್ಲ."

ನಾನು ಕೆಳಗಿಳಿದು ಬುದ್ಧಿ ಹೇಳಲು ಹೋದೆ. "ಪರಸವ್ವಾ, ಹೋಗಾಕ ಮತ್ತೊಂದ ಮನಿ ಐತೇನ ನಿನಗ?"

"ಇಲ್ಲಕ್ಕಾ. ಅದಕ್ಕ ಹೋಗಂಗಿಲ್ಲ."

"ಒಂದ ಮಾತ ತಗ್ಗಿ ಹೇಳಿದ್ರ ಏನ ಹೋಗತೈತಿ?"

"ಕಸ್ತೂರಕ್ಕಾ, ತಗ್ಗಿ ಕಸಾ ಹೊಡಿತೀನಿ. ಮಾತ ತಗ್ಗಿಸಾಕ ಬರಂಗಿಲ್ಲ ನನಗ."

ಶುಕ್ರವಾರ ನಾನು ಎದ್ದಾಗ ಏಳೂವರೆ! ಕಟ್ಟಡವೆಲ್ಲ ತಡವಾಗಿ ಎದ್ದು ಒಬ್ಬರ ಮೇಲೊಬ್ಬರು ಹರಿಹಾಯುತ್ತಿತ್ತು. ಮಲ್ಲಿನಾಥನ ಹೆಂಡತಿ ಅನುರಾಧಾ ತಾನೇ ಬಡಿಯಲು ಕೂತಳು. ರೊಟ್ಟಿ ಮೂರು ತುಂಡಾಗಿ ಹಂಚಿಗೆ ಬಿತ್ತು. ಜೋರಾಪುರ ಪೇಟೆಯಿಂದ ತರಿಸಿದ ಒಣಗಿದ ಕಟಕ ರೊಟ್ಟಿ ಸಾವಂತ್ರವ್ವನ ಇದ್ದೆರಡು ಹಲ್ಲಿಗೆ ಜಗ್ಗಲಿಲ್ಲ. ಮಲ್ಲಿನಾಥ ಬ್ರೆಡ್ಡು ತಿಂದ. ತಿನ್ನಲಿ, ನನಗೇನೂ ಕನಿಕರ ಬರಲಿಲ್ಲ.

ಶನಿವಾರ ಮಾರ್ತಾ ನನ್ನ ಬಾಗಿಲಿಗೆ ಬಂದಳು. "ಎರಡು ದಿನದಿಂದ ರೊಟ್ಟಿ ಬರುತ್ತಿಲ್ಲ. ಯಾರಿಗೆ ಹೇಳಬೇಕು?"

ನನ್ನ ಪಿತ್ತ ನೆತ್ತಿಗೇರಿತು. ಆಕೆಯ ಕೈ ಹಿಡಿದು ಇಸ್ತ್ರಿ ಮೇಜಿನ ಮೇಲೆ ಬಡಿಸಿದೆ. ಟಪ ಟಪ ಟಪ. "ಈ ಸಪ್ಪಳ ಏನಂತ ಗೊತ್ತೇನು? ರೊಟ್ಟಿ! ನೀ ಬಂದ್ ಮಾಡಿಸಿದ್ದು ನಿನ್ನ ರೊಟ್ಟಿನ." ರೊಟ್ಟಿ ಯಾರದು, ಯಾಕೆ ಬರುತ್ತಿತ್ತು, ಈಗ ಯಾರ ಕೋಣೆ ಹೋಗುತ್ತಿದೆ, ಎಲ್ಲ ಹೇಳಿದೆ. ಆಕೆ ಬಟ್ಟೆಯ ರಾಶಿಯ ಮೇಲೆಯೇ ಕುಸಿದು ಕೂತಳು.

"ನನಗೆ ಯಾರೂ ಹೇಳಲಿಲ್ಲ..."

"ನೀ ಯಾರಿಗೂ ಕೇಳಲಿಲ್ಲ. ಗ್ವಾಡಿಗಿ ಕೇಳಿದಿ."

ಅತ್ತಳು, ಪಾಪ. ಕೆಳಗೆ ಓಡಿದಳು. ಪರಸವ್ವ ಹೊಸ್ತಿಲಲ್ಲೇ ನಿಲ್ಲಿಸಿ, "ಮೀಟಿಂಗ್ ನಾಳೆ ಐತಿ, ಎಲ್ಲಾರ ಮುಂದ ಮಾತಾಡು" ಎಂದು ಕಳಿಸಿದಳು.

ಭಾನುವಾರ ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿದರು. ಮಲ್ಲಿನಾಥ ಎದ್ದು ನಿಂತು ಚೀಟಿ ಓದಲು ಕೆಮ್ಮಿದ. ಅಷ್ಟರಲ್ಲಿ ಪರಸವ್ವ ಗ್ಯಾಸಿನ ಒಲೆ, ಹಂಚು, ಹಿಟ್ಟಿನ ಪರಾತ ತಂದು ನಟ್ಟನಡುವೆ ಕೂತಳು. ತಲೆ ಎತ್ತಿ, ಏನೂ ಆಗದವಳ ಹಾಗೆ ಕೇಳಿದಳು.

"ಸಾಹೇಬ್ರ, ಊಟ ಆತೇನ್ರಿ?"

"ಆತು, ಆತು" ಎಂದ ಮಲ್ಲಿನಾಥ, ರೂಢಿಯಂತೆ.

"ಮಾರ್ತವ್ವಾ, ನಿಂದು?"

"ಇಲ್ಲ" ಎಂದಳು ಮಾರ್ತಾ, ಎದ್ದು ನಿಂತು. "ನಾನು ಹಸಿದಿದ್ದೇನೆ. ಚೀಟಿಯಲ್ಲಿ ಬರೆದದ್ದು ದೂರು ಅಲ್ಲ, ಪ್ರಶ್ನೆ. ಉತ್ತರ ಸಿಕ್ಕಿದೆ. ನನ್ನ ಚೀಟಿ ನನಗೆ ಕೊಡಿ." ಅವನ ಕೈಯಿಂದ ತೆಗೆದುಕೊಂಡು ಹರಿದಳು.

ಪರಸವ್ವ ಬಡಿಯತೊಡಗಿದಳು. ಮಲ್ಲಿನಾಥ ಏನೋ ಹೇಳಿದ, ಯಾರಿಗೂ ಕೇಳಿಸಲಿಲ್ಲ. ಪರಸವ್ವ ತಟ್ಟೆಯಗಲದ ರೊಟ್ಟಿಯನ್ನು ಎತ್ತಿ ಅಂಗೈ ಮೇಲೆ ಹಿಡಿದಳು, ಹಂಚಿಗೆ ಹಾಕಲಿಲ್ಲ. ಹಂಚು ಹೊಗೆಯಾಡುತ್ತಿತ್ತು. ಹಸಿ ರೊಟ್ಟಿ ಹೆಚ್ಚು ಹೊತ್ತು ಹಿಡಿದರೆ ಹರಿಯುತ್ತದೆ, ಎಲ್ಲರ ಕಣ್ಣೂ ಅದರ ಮೇಲೆಯೇ.

"ಖೋಲಿ ನಂದೋ, ಅಲ್ಲೋ? ಈಗ ಹೇಳ್ರಿ."

"ಮುಂದಿನ ಮೀಟಿಂಗ್‌ದಾಗ ನೋಡೋಣು..." ಎಂದು ಮಲ್ಲಿನಾಥ ಅಡ್ಡಗೋಡೆಯ ಮೇಲೆ ದೀಪ ಇಡಲು ನೋಡಿದ.

"ನೋಡೋದೇನ ಐತಿ? ಆಕಿ ಇಲ್ಲೇ ಇರ್ತಾಳ!" ಎಂದು ಹಿಂದಿನಿಂದ ಒದರಿದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಅನುರಾಧಾ. ಉಳಿದ ಇಪ್ಪತ್ತಮೂರು ಮನೆಯವರು ಹೌದು ಹೌದು ಎಂದರು. ನಾನು ಮೀಟಿಂಗಿನ ಪುಸ್ತಕ ಕಸಿದು ಬರೆದೆ: ಕೋಣೆ ಪರಸವ್ವನದು, ಆಕೆ ಇರುವ ತನಕ. ಮಲ್ಲಿನಾಥನೂ ಸಹಿ ಹಾಕಿದ. ಆಗ ರೊಟ್ಟಿ ಹಂಚಿಗೆ ಬಿತ್ತು.

ಮೊದಲ ರೊಟ್ಟಿ ಮಾರ್ತಾಳಿಗೆ ಹೋಯಿತು. ಎರಡನೆಯದಕ್ಕೆ ಮಲ್ಲಿನಾಥ ಕೈ ಚಾಚಿದ. ಪರಸವ್ವ ಅದನ್ನು ಸಾವಂತ್ರವ್ವನಿಗೆ ದಾಟಿಸಿದಳು.

"ನಿಮ್ಮದು ಊಟ ಆಗೇತಲ್ರಿ, ಸಾಹೇಬ್ರ?"

ಮಲ್ಲಿನಾಥ ಕಾಲಿನ ಹೆಬ್ಬೆರಳು ನೋಡಿಕೊಂಡ.

"ಆಗಿಲ್ಲ ಪರಸವ್ವಾ. ಹಸದೀನಿ."

"ಹಂಗ ಖರೇ ಹೇಳ್ರಿ" ಎಂದು ಪರಸವ್ವ ಮುಂದಿನ ಹಿಟ್ಟಿನ ಉಂಡೆ ತೆಗೆದುಕೊಂಡಳು, ನಾಲ್ಕನೇ ಮಹಡಿಗೂ ಕೇಳುವಂತೆ ಬಡಿದಳು.